ಗಾಳ, ಕಾನೂನು ಮತ್ತು ಹೆಸರಿಲ್ಲದ ಮೀನು

ರೋಣ, ನರಗುಂದ, ಗಜೇಂದ್ರಗಡ ಕಡೆಯ ನಮ್ಮಂಥವರನ್ನ ಮೀನಿನ ಬಗ್ಗೆ ಕೇಳಿದರೆ ಹೆಚ್ಚೇನೂ ಸಿಗೋದಿಲ್ಲ. ಎರೆಮಣ್ಣು, ಬಿಳಿಜೋಳ, ಕಡಲೆ, ಹತ್ತಿ ಇವುಗಳ ಬಗ್ಗೆ ಕೇಳಿ, ಗಂಟೆಗಟ್ಟಲೆ ಮಾತಾಡ್ತೀವಿ. "ಮಳಿ ಆತೇನ್ರಿ?" ಅನ್ನೋದೇ ಕುಶಲೋಪರಿ ಆಗಿರೋ ಸೀಮೆ ಇದು. ಆದರೆ ಗಾಳ ಹಾಕಿ ಮೀನು ಹಿಡಿಯೋದನ್ನ ಒಂದು ವಿನೋದ ಅಂತ ಪರಿಗಣಿಸಿ, ಅದರ ವಿಧಾನವನ್ನ ಕೂತು ಬರೆದ ಜಗತ್ತಿನ ಹಳೆಯ ದಾಖಲೆಗಳಲ್ಲಿ ಒಂದು, ಇದೇ ಸೀಮೆಯನ್ನ ಆಳಿದ ವಂಶದ ರಾಜನದ್ದು.

ಗಜೇಂದ್ರಗಡದ ಹತ್ತಿರದ ಸೂಡಿ ನಿಮಗೆ ಗೊತ್ತಿರಬಹುದು. ಜೋಡು ಕಳಸದ ಗುಡಿ, ನಾಗಕುಂಡ ಇರೋ ಊರು. 11ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಅಕ್ಕಾದೇವಿ ಆಡಳಿತ ನಡೆಸಿದ ಜಾಗ. ಅದೇ ವಂಶದಲ್ಲಿ ಮುಂದೆ ಬಂದವನು ಮೂರನೇ ಸೋಮೇಶ್ವರ. ವಿಕ್ರಮಾದಿತ್ಯನ ಮಗ, 'ಸರ್ವಜ್ಞ ಚಕ್ರವರ್ತಿ' ಅಂತ ಬಿರುದು. ಯುದ್ಧಕ್ಕಿಂತ ಪುಸ್ತಕದಿಂದ ಹೆಚ್ಚು ನೆನಪಿನಲ್ಲಿ ಉಳಿದವನು. 1130ರ ಆಸುಪಾಸಿನಲ್ಲಿ ಅವನ ಹೆಸರಿನಲ್ಲಿ ಸಿದ್ಧವಾದ 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ಗ್ರಂಥದಲ್ಲಿ ಅಡುಗೆಯಿಂದ ಆನೆಯವರೆಗೆ ನೂರು ಅಧ್ಯಾಯ ಇವೆ. ಅದರಲ್ಲೊಂದು 'ಮತ್ಸ್ಯವಿನೋದ'. 1951ರಲ್ಲಿ ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ ಇದರ ಮೇಲೆ ವಿವರವಾದ ಲೇಖನ ಬರೆದ ಮೇಲೆ ಆಧುನಿಕ ವಿಜ್ಞಾನದವರ ಕಣ್ಣು ಇದರ ಮೇಲೆ ಬಿತ್ತು.

ನನಗೆ ಆ ಅಧ್ಯಾಯದಲ್ಲಿ ಇಷ್ಟವಾಗೋದು ಅದರ ಕ್ರಮ. ಗಾಳ, ದಾರ, ಕೋಲಿನ ವಿಷಯಕ್ಕಿಂತ ಮುಖ್ಯವಾಗಿ ಅಲ್ಲಿ ಮೀನುಗಳ ಪಟ್ಟಿ ಇದೆ. ಸುಮಾರು 35 ಬಗೆ. ಸಮುದ್ರದ್ದು ಯಾವುದು, ಹೊಳೆಯದ್ದು ಯಾವುದು, ಹುರುಪೆ ಇರೋದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಎಳ್ಳಿನ ಹಿಟ್ಟಿನ ಉಂಡೆ, ಯಾವುದಕ್ಕೆ ಹುರಿದ ಕಡಲೆ ಹಿಟ್ಟು ಮತ್ತು ಅನ್ನ. ಅಂದರೆ ಆಟಕ್ಕೆ ಮೊದಲು ಪರಿಚಯ. ಎದುರಿಗಿರೋ ಮೀನು ಯಾವುದು ಅಂತ ತಿಳಿದುಕೊಂಡ ಮೇಲೇ ಮುಂದಿನ ಮಾತು.

ಒಂಬೈನೂರು ವರ್ಷ ಆದಮೇಲೆ, ಇದೇ ಕರ್ನಾಟಕದ ಇನ್ನೊಂದು ತುದಿಯಲ್ಲಿ, ಕಾವೇರಿಯಲ್ಲಿ, ಈ ಕ್ರಮ ತಿರುವುಮುರುವಾಯಿತು. ಮೊದಲು ಆಟ ಬಂತು, ಆಮೇಲೆ ರಕ್ಷಣೆ ಬಂತು, ಆಮೇಲೆ ನಿಷೇಧ ಬಂತು. ಮೀನಿಗೆ ಸರಿಯಾದ ಹೆಸರು ಬಂದದ್ದು ಎಲ್ಲದರ ಕೊನೆಗೆ. ಆ ಹೊತ್ತಿಗೆ ಹೆಸರಿಡೋಕೆ ಮೀನೇ ಹೆಚ್ಚು ಉಳಿದಿರಲಿಲ್ಲ.

ಬೆಂಗಳೂರಿನ ಆಫೀಸುಗಳಲ್ಲಿ ದುಡಿಯೋ ನಿಮ್ಮಲ್ಲಿ ಬಹಳ ಜನ ಟೀಮ್ ಔಟಿಂಗ್ ಅಂತ ಒಮ್ಮೆಯಾದರೂ ಭೀಮೇಶ್ವರಿಗೆ ಹೋಗಿರ್ತೀರಿ. ಲೈಫ್ ಜಾಕೆಟ್ ಹಾಕಿಕೊಂಡು ಹರಿಗೋಲಲ್ಲಿ ಕೂತು, ಜಿಪ್‌ಲೈನ್ ಮೇಲೆ ಜಾರಿ, ಫೋಟೋ ತೆಗೆಸಿಕೊಂಡು ಬಂದಿರ್ತೀರಿ. ಆ ಜಾಗ ಜಗತ್ತಿನ ನಕ್ಷೆಯಲ್ಲಿ ಹೆಸರು ಮಾಡಿದ್ದು ಜಿಪ್‌ಲೈನಿನಿಂದ ಅಲ್ಲ. ಒಂದು ಕಾಲಕ್ಕೆ ಅದು ಕಾವೇರಿ ಫಿಶಿಂಗ್ ಕ್ಯಾಂಪ್. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಅನ್ನೋ ಮೂರು ಹೆಸರು ಇಂಗ್ಲೆಂಡಿನ ಗಾಳದ ಹವ್ಯಾಸಿಗಳ ಬಾಯಲ್ಲಿ ಸಲೀಸಾಗಿ ಓಡಾಡ್ತಿದ್ದವು. ಕಾರಣ ಮಹಶೀರ್ ಮೀನು.

ಬ್ರಿಟಿಷರು ಮಹಶೀರನ್ನ ಅವರ ಸಾಮನ್ ಮೀನಿಗೆ ಹೋಲಿಸ್ತಿದ್ದರು. ವಂಶದ ಲೆಕ್ಕದಲ್ಲಿ ಎರಡಕ್ಕೂ ಸಂಬಂಧವಿಲ್ಲ. ಮಹಶೀರ್ ನಮ್ಮ ಕಾಟ್ಲಾ, ರೋಹು ಇವುಗಳ ದೊಡ್ಡ ಕುಟುಂಬಕ್ಕೆ ಸೇರಿದ್ದು. ಆದರೆ ರಭಸದ ನೀರಲ್ಲಿ ಬದುಕೋದು, ಮೊಟ್ಟೆ ಇಡೋಕೆ ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಈಜೋದು, ಗಾಳಕ್ಕೆ ಸಿಕ್ಕರೆ ಗಂಟೆಗಟ್ಟಲೆ ಸೆಣಸೋದು, ಇದರಲ್ಲಿ ಎರಡೂ ಒಂದೇ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 'ದಿ ರಾಡ್ ಇನ್ ಇಂಡಿಯಾ' ಅನ್ನೋ ಪುಸ್ತಕ ಬರೆದು 1873ರಲ್ಲಿ ಮಂಗಳೂರಿನಲ್ಲೇ ಅಚ್ಚು ಹಾಕಿಸಿದ. ಒಂದೇ ಗಾತ್ರದ ಸಾಮನ್‌ಗಿಂತ ಮಹಶೀರೇ ಹೆಚ್ಚು ಗಟ್ಟಿ ಅಂತ ಅವನ ವಾದ.

ಅದೇ ಥಾಮಸ್ ಮೀನು ಕಡಿಮೆಯಾಗ್ತಿದೆ ಅಂತಲೂ ಸರ್ಕಾರಕ್ಕೆ ವರದಿ ಬರೆದ. ಹೊಳೆಗೆ ವಿಷ ಹಾಕೋದು, ಮರಿಗಳನ್ನ ರಾಶಿ ರಾಶಿ ಬಾಚೋದು ನಿಲ್ಲಬೇಕು ಅಂತ ಹೇಳಿದವರಲ್ಲಿ ಅವನೂ ಒಬ್ಬ. ಇಂಥ ದನಿಗಳ ಫಲವಾಗಿ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ನೀರಲ್ಲಿ ಸಿಡಿಮದ್ದು ಸಿಡಿಸಿ, ಇಲ್ಲವೇ ವಿಷ ಬೆರೆಸಿ ಮೀನು ಹಿಡಿದರೆ ಎರಡು ತಿಂಗಳವರೆಗೆ ಜೈಲು ಅಥವಾ 200 ರೂಪಾಯಿವರೆಗೆ ದಂಡ. ಒಳ್ಳೆಯ ಕಾನೂನೇ. ಆದರೆ ಅದರ ಹಿಂದೆ ಒಂದು ನೋಟವೂ ಇತ್ತು: ಸಾಹೇಬರ ಗಾಳ ಸಭ್ಯ, ಹಳ್ಳಿಯವರ ಬುಟ್ಟಿ ಮತ್ತು ಬಲೆ ಅಸಭ್ಯ. ಹೊಟ್ಟೆಗಾಗಿ ಹಿಡಿಯೋದು ಅಪರಾಧಕ್ಕೆ ಹತ್ತಿರ, ಆಟಕ್ಕೆ ಹಿಡಿಯೋದು ಸಂಸ್ಕೃತಿಗೆ ಹತ್ತಿರ. ಈ ಗೆರೆ ಮುಂದಿನ ನೂರು ವರ್ಷ ಅಳಿಸಲೇ ಇಲ್ಲ.

ನಮ್ಮ ಜನಕ್ಕೆ ನಿರ್ಬಂಧ ಅನ್ನೋದು ಹೊಸದೇನೂ ಆಗಿರಲಿಲ್ಲ. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ, ಹಾಸನ ಜಿಲ್ಲೆಯ ರಾಮನಾಥಪುರದ ಕಾವೇರಿಯಲ್ಲಿ, ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವರ ಮೀನು ಅಂತ ಯಾರೂ ಮುಟ್ಟೋದಿಲ್ಲ. ಅಲ್ಲಿ ಕಾವಲುಗಾರ ದೇವರೇ. ಆದರೆ ಆ ಕಾವಲು ಗುಡಿಯ ಮೆಟ್ಟಿಲಿನ ಮುಂದಿನ ನೀರಿಗೆ ಮಾತ್ರ. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿ ಮೀನುಗಳು ಸಾಮೂಹಿಕವಾಗಿ ಸತ್ತವು. ಅವುಗಳ ನೆನಪಿಗೆ ಅಲ್ಲೊಂದು ಸ್ಮಾರಕ ಇದೆ.

ಕಾವೇರಿಯ ಕಥೆಗೆ ಬರೋಣ. ಇಲ್ಲಿನ ಮಹಶೀರ್ ಎಷ್ಟು ದೊಡ್ಡದು ಅಂತ ತಿಳಿಯೋಕೆ ಒಂದು ದಾಖಲೆ ಸಾಕು. 1946ರ ಮಾರ್ಚ್‌ನಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು, ಹುಲಿ ಚಿರತೆಗಳಿಗೆ ಹುಲ್ಲು ತುಂಬಿ ಬೊಂಬೆ ಮಾಡೋದರಲ್ಲಿ ಪ್ರಸಿದ್ಧರಾದ ಅದೇ ಮನೆತನ, ಕಬಿನಿಯಲ್ಲಿ 120 ಪೌಂಡ್ ತೂಕದ ಮಹಶೀರ್ ಹಿಡಿದರು. ಅಂದರೆ 54 ಕಿಲೋ. ಒಬ್ಬ ಮನುಷ್ಯನ ತೂಕ.

ಆಮೇಲಿನ ದಶಕಗಳಲ್ಲಿ ಇಂಥ ಮೀನಿನ ಸುದ್ದಿಯೇ ಅಪರೂಪವಾಯಿತು. ಕೆಆರ್‌ಎಸ್, ಮೆಟ್ಟೂರು ಮೊದಲೇ ಎದ್ದು ನಿಂತಿದ್ದವು, ಮುಂದೆ ಕಬಿನಿ ಅಣೆಕಟ್ಟೂ ಬಂತು. ಮೇಲಕ್ಕೆ ಈಜೋ ಮೀನಿಗೆ ಗೋಡೆ ಅಡ್ಡ ಬಂತು. ಕಲ್ಲುಕ್ವಾರಿಯ ಮದ್ದು ಹೊಳೆಗೂ ಬಂತು. ಸಿಡಿಮದ್ದಿಗೆ ದೊಡ್ಡದು ಚಿಕ್ಕದು ಅಂತಿಲ್ಲ, ಆ ಮಡುವಿನಲ್ಲಿರೋದೆಲ್ಲ ಸಾಯುತ್ತೆ. ಕಾವೇರಿಯ ಮಹಶೀರ್ ಮುಗೀತು ಅಂತಲೇ ಹಲವರು ತಿಳಿದಿದ್ದರು. 1970ರ ದಶಕದ ಕೊನೆಗೆ ಇಂಗ್ಲೆಂಡಿನಿಂದ ಬಂದ ಕೆಲವು ಹುಡುಗರು ಶಿವನಸಮುದ್ರದ ಕೆಳಗಿನ ಕಾಡಿನ ಹರಿವಿನಲ್ಲಿ ಮತ್ತೆ ದೊಡ್ಡ ಮಹಶೀರ್ ಹಿಡಿದು ತೋರಿಸಿದ ಮೇಲೆ ಕಥೆ ಮತ್ತೆ ಶುರುವಾಯಿತು.

ಈ ಸಲದ ಆಟದ ನಿಯಮ ಬೇರೆ. 1972ರಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಸಂಸ್ಥೆ ಕಾವೇರಿಯ ಒಂದು ಭಾಗವನ್ನ ಗುತ್ತಿಗೆ ಪಡೆದು ಕಾವಲು ಹಾಕಿತು. 1980ರಲ್ಲಿ ಶುರುವಾದ ಸರ್ಕಾರದ್ದೇ ಜಂಗಲ್ ಲಾಡ್ಜಸ್ ತನ್ನ ಕ್ಯಾಂಪ್‌ಗಳನ್ನ ತೆರೆಯಿತು. ರಾಗಿ ಮುದ್ದೆಯನ್ನ ಗಾಳಕ್ಕೆ ಸಿಕ್ಕಿಸಿ ಹಿಡಿ, ತೂಕ ಮಾಡು, ಫೋಟೋ ತೆಗೆ, ಬಿಡು. ಹಿಡಿದು ಬಿಡೋದು, ಅಷ್ಟೇ. ಮನೆಗೆ ಒಯ್ಯೋ ಹಾಗಿಲ್ಲ. ಮೊದಲು ಕದ್ದು ಮೀನು ಹಿಡೀತಿದ್ದ ಊರವರಲ್ಲೇ ಕೆಲವರು ಗೈಡ್ ಆದರು, ಕಾವಲುಗಾರರಾದರು. ಯಾವ ಮಡುವಿನಲ್ಲಿ ಯಾವ ಹೊತ್ತಿಗೆ ಮೀನು ಇರುತ್ತೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜೀವಂತ ಮೀನಿಗೆ ಬೆಲೆ ಬಂದಿದ್ದರಿಂದ ಸತ್ತ ಮೀನಿನ ವ್ಯಾಪಾರ ಇಳೀತು.

ನಡುವೆ 1987ರಲ್ಲಿ ಆ ಪ್ರದೇಶ ಕಾವೇರಿ ವನ್ಯಜೀವಿ ಧಾಮ ಆಯಿತು. ಅಲ್ಲಿಂದ ಕಾನೂನಿನ ಗಡಿಯಾರ ಟಿಕ್ ಟಿಕ್ ಅಂತಲೇ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನ ಹಿಡಿಯೋದೂ ಬೇಟೆಯೇ, ಕೊಲ್ಲಲೇಬೇಕು ಅಂತಿಲ್ಲ. ಆದರೆ 'ಪ್ರಾಣಿ' ಅನ್ನೋ ಪದದ ವ್ಯಾಖ್ಯಾನದೊಳಗೆ ಮೀನಿನ ಹೆಸರು ಸೇರಿದ್ದು 2003ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ. ಮೂವತ್ತು ವರ್ಷ ಆ ಪಟ್ಟಿಯ ಹೊರಗೇ ಇದ್ದ ಮೀನು ಒಂದು ತಿದ್ದುಪಡಿಯಿಂದ ಒಳಗೆ ಬಂತು. ಅಲ್ಲಿಗೆ ಧಾಮದೊಳಗೆ ಗಾಳ ಹಾಕೋದು ಬೇಟೆ ಅನ್ನೋ ಅರ್ಥ ಗಟ್ಟಿಯಾಯಿತು. 2010ರ ಸುಮಾರಿಗೆ ಬಿಗಿಯಾಗಲು ಶುರುವಾದ ನಿರ್ಬಂಧ 2012ರ ಹೊತ್ತಿಗೆ ಪೂರ್ಣವಾಯಿತು. ಕ್ಯಾಂಪ್‌ಗಳಲ್ಲಿ ಗಾಳದ ಕೋಲುಗಳು ಮೂಲೆ ಸೇರಿದವು. ಆಮೇಲೆ ಬಂದದ್ದು ನೀವು ನೋಡಿದ ಜಿಪ್‌ಲೈನ್.

ಇಲ್ಲಿ ಒಂದು ಕಡೆ ನಿಂತು ತೀರ್ಪು ಕೊಡೋದು ಸುಲಭ, ಆದರೆ ಎರಡೂ ಕಡೆ ಮಾತಿದೆ. ನಿಷೇಧದ ಪರವಾಗಿರೋರ ಮಾತು: ಧಾಮ ಅಂದಮೇಲೆ ಎಲ್ಲರಿಗೂ ಒಂದೇ ನಿಯಮ. ಮುತ್ತತ್ತಿ ಕಡೆಯ ಬಡವ ಸಾರಿಗೆ ಒಂದು ಮೀನು ಹಿಡಿದರೆ ಕೇಸು, ವಿಮಾನದಲ್ಲಿ ಬಂದವನು ದುಡ್ಡು ಕೊಟ್ಟು ಮೋಜಿಗೆ ಹಿಡಿದರೆ ಸಂರಕ್ಷಣೆ, ಇದು ಯಾವ ನ್ಯಾಯ? 1897ರ ಹಳೇ ಗೆರೆಯೇ ಅಲ್ವಾ ಇದು? ಬಿಟ್ಟ ಮೀನು ಗಾಯದಿಂದ, ಸುಸ್ತಿನಿಂದ ಆಮೇಲೆ ಸಾಯಲ್ಲ ಅಂತ ಏನು ಗ್ಯಾರಂಟಿ? ಈ ಪ್ರಶ್ನೆಗಳನ್ನ ತಳ್ಳಿಹಾಕೋಕೆ ಆಗಲ್ಲ. ಇನ್ನೊಂದು ಕಡೆಯವರ ಮಾತು: ಗಾಳದವರು ಹೋದ ದಿನ ಕಾವಲೂ ಹೋಯಿತು, ಗೈಡ್‌ಗಳ ಕೂಲಿಯೂ ಹೋಯಿತು, ಸಿಡಿಮದ್ದಿಗೆ ದಾರಿ ಸಲೀಸಾಯಿತು. ಇದೂ ನಿಜವಾದ ಆತಂಕ.

ಆದರೆ ಇವರಿಬ್ಬರ ಜಗಳದ ನಡುವೆ ನಾವು ಕಳಕೊಂಡ ಮೂರನೆಯದೊಂದು ಇದೆ. ಅದು ಲೆಕ್ಕದ ಪುಸ್ತಕ.

ಗಾಳಿಬೋರೆ ಕ್ಯಾಂಪ್‌ನಲ್ಲಿ 1998ರಿಂದ 2012ರವರೆಗೆ ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಎಷ್ಟು ಮೀನು ಸಿಕ್ಕವು, ತೂಕ ಎಷ್ಟು ಅಂತ ಬರೆದಿಟ್ಟಿದ್ದರು. ಒಟ್ಟು 23,620 ಗಂಟೆಗಳ ಗಾಳ, 6,161 ಮಹಶೀರ್, ಒಂದು ಪೌಂಡಿನಿಂದ 104 ಪೌಂಡಿನವರೆಗೆ. ಆ ಹೊಳೆಯ ಮೀನಿನ ಬಗ್ಗೆ ಇಷ್ಟು ದೀರ್ಘವಾದ ಲೆಕ್ಕ ಇನ್ನೊಂದಿಲ್ಲ. ಬ್ರಿಟನ್ನಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಸಂಗಡಿಗರು ಇದನ್ನ ಕೂತು ವಿಶ್ಲೇಷಿಸಿದರು. ಮೊದಲ ನೋಟಕ್ಕೆ ಖುಷಿಯ ಸುದ್ದಿ: ವರ್ಷದಿಂದ ವರ್ಷಕ್ಕೆ ಸಿಗೋ ಮೀನಿನ ಸಂಖ್ಯೆ ಏರ್ತಾ ಹೋಗಿದೆ, ಸರಾಸರಿ ತೂಕ ಇಳಿದಿದೆ. ಅಂದರೆ ಮರಿಗಳು ಚೆನ್ನಾಗಿ ಬರ್ತಿವೆ. ನಿಮ್ಮ ಆಫೀಸಿನ ಡ್ಯಾಶ್‌ಬೋರ್ಡ್ ಆಗಿದ್ದರೆ ಹಸಿರು ಬಾಣ, ಚಪ್ಪಾಳೆ.

ಆಮೇಲೆ ಅವರು ಒಟ್ಟು ಲೆಕ್ಕವನ್ನ ಒಡೆದು ನೋಡಿದರು. ಕಾವೇರಿಯಲ್ಲಿ ಮಹಶೀರ್ ಒಂದೇ ಬಗೆಯದ್ದಲ್ಲ. ಒಂದಕ್ಕೆ ಬೆನ್ನು ಉಬ್ಬಿ ಗೂನಿನ ಹಾಗೆ, ರೆಕ್ಕೆಗೆ ಕಿತ್ತಳೆ ಛಾಯೆ. ಇನ್ನೊಂದಕ್ಕೆ ನೀಲಿ ರೆಕ್ಕೆ. ಸಂಖ್ಯೆಯಲ್ಲಿ ಏರಿದ್ದೆಲ್ಲ ನೀಲಿ ರೆಕ್ಕೆಯದ್ದು. ಗೂನುಬೆನ್ನಿನದು ಕುಸಿದು ಕುಸಿದು ಸಿಗೋದೇ ನಿಂತಿತ್ತು. ಅಲ್ಲೊಂದು ಇಲ್ಲೊಂದು ಸಿಕ್ಕರೂ ಅದು ದೊಡ್ಡದು, ಹಳೆಯದು. ಮುದುಕರಷ್ಟೇ ಉಳಿದ ಊರಿನ ಹಾಗೆ. 54 ಕಿಲೋ ದಾಖಲೆಯ ದೈತ್ಯ ಇದೇ ಗೂನುಬೆನ್ನಿನದು. ಜಗತ್ತನ್ನ ಕಾವೇರಿಗೆ ಕರೆತಂದದ್ದೂ ಇದೇ.

ಹಾಗಾದರೆ ನೀಲಿ ರೆಕ್ಕೆಯದ್ದು ಎಲ್ಲಿಂದ ಬಂತು? ಇಲ್ಲಿ ಕಥೆ ನಮ್ಮ ಕಡೆಗೆ ತಿರುಗುತ್ತೆ. ಅದರ ವೈಜ್ಞಾನಿಕ ಹೆಸರು ಟಾರ್ ಖುದ್ರೀ. 1839ರಲ್ಲಿ ಸೈಕ್ಸ್ ಅನ್ನೋ ಅಧಿಕಾರಿ ಪುಣೆಯ ಮುಳಾ-ಮುಠಾ ನದಿಯ ಮೀನನ್ನ ನೋಡಿ ಆ ಹೆಸರಿಟ್ಟ. ಮುಳಾ-ಮುಠಾ ನೀರು ಭೀಮೆಗೆ, ಭೀಮೆ ಕೃಷ್ಣೆಗೆ. ನಮ್ಮ ಮಲಪ್ರಭೆಯೂ ಕೂಡಲಸಂಗಮದಲ್ಲಿ ಅದೇ ಕೃಷ್ಣೆಗೆ. ಅಂದರೆ ಅದು ನಮ್ಮ ನದಿಬಯಲಿನ ಮೀನು. 1970ರ ದಶಕದಲ್ಲಿ ಲೋಣಾವಳಾದ ತಮ್ಮ ಜಲಾಶಯಗಳ ಪಕ್ಕದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ಈ ಮೀನಿನ ಮರಿ ಮಾಡೋದನ್ನ ಕರಗತ ಮಾಡಿಕೊಂಡರು. ಮಹಶೀರ್ ಉಳಿಸೋಣ ಅನ್ನೋ ಒಳ್ಳೇ ಮನಸ್ಸಿನಿಂದ ಮರಿಗಳು ಬೇರೆ ಬೇರೆ ರಾಜ್ಯಗಳಿಗೆ ಹೋದವು, ಕಾವೇರಿಗೂ ಬಂದವು. ಕ್ಯಾಂಪ್‌ನವರೂ ಬಿಟ್ಟರು, ಇಲಾಖೆಯೂ ಬಿಟ್ಟಿತು. ಎಲ್ಲರ ಪಾಲಿಗೆ ಅದು ಮಹಶೀರ್, ಅಷ್ಟೇ. ಅದು ಕಾವೇರಿಯ ಮಹಶೀರ್ ಹೌದೋ ಅಲ್ವೋ ಅಂತ ಯಾರೂ ಕೇಳಲಿಲ್ಲ. ಹೊರಗಿನ ಮೀನು ಹಬ್ಬಿ ಮೂಲದ ಮೀನಿನ ಜಾಗ ತುಂಬಿತು ಅನ್ನೋದು ಆ ಸಂಶೋಧಕರ ತೀರ್ಮಾನ.

ಕೇಳೋಕೆ ಆಗ್ತಾ ಇರಲಿಲ್ಲ ಅನ್ನೋದೂ ಸರಿ. ಗೂನುಬೆನ್ನಿನದಕ್ಕೆ ಆಗ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಹೆಸರಿಲ್ಲದ ಜೀವಿಯನ್ನ ಅಂತರರಾಷ್ಟ್ರೀಯ ಕೆಂಪುಪಟ್ಟಿಗೆ ಸೇರಿಸೋಕೆ ಬರಲ್ಲ, ಕೆಂಪುಪಟ್ಟಿಯಲ್ಲಿ ಇಲ್ಲದ್ದಕ್ಕೆ ಯೋಜನೆ ಬರಲ್ಲ. 2018ರಲ್ಲಿ ಪಿಂಡರ್, ರಾಘವನ್ ತಂಡ ತಮಿಳುನಾಡಿನ ಮೋಯಾರ್ ನದಿಯಲ್ಲಿ ಉಳಿದಿದ್ದ ಮೀನುಗಳನ್ನ ಹುಡುಕಿ ಡಿಎನ್‌ಎ ಹೋಲಿಸಿತು. ಕೇರಳದ ಪಾಂಬಾರ್ ನದಿಯಲ್ಲಿ ಮೊದಲೇ ಗುರುತಿಸಿದ್ದ ಟಾರ್ ರಮಾದೇವೀ ಅನ್ನೋದೇ ಇದು ಅಂತ ಸಾಬೀತಾಯಿತು. ಮೀನುಶಾಸ್ತ್ರಜ್ಞೆ ಕೆ. ರಮಾದೇವಿ ಅವರ ಗೌರವಾರ್ಥ ಇಟ್ಟ ಹೆಸರು. ಪಾಂಬಾರ್, ಮೋಯಾರ್ ಎರಡೂ ಕೊನೆಗೆ ಕಾವೇರಿಯ ನೀರೇ. ಅದೇ ವರ್ಷ ಮೀನು ಕೆಂಪುಪಟ್ಟಿಗೆ ಸೇರಿತು, ನೇರವಾಗಿ 'ತೀವ್ರ ಅಪಾಯದಲ್ಲಿರುವ' ವರ್ಗಕ್ಕೆ. ಅಳಿವಿಗೆ ಒಂದೇ ಹೆಜ್ಜೆ ಹಿಂದಿನ ವರ್ಗ ಅದು.

ವರ್ಷಗಳನ್ನ ಒಂದರ ಪಕ್ಕ ಒಂದು ಇಟ್ಟು ನೋಡಿ. ಗಾಳ ನಿಂತದ್ದು 2012. ಹೆಸರು ಬಂದದ್ದು 2018. ಹೆಸರು ಬಂದಾಗ ಗಾಳಿಬೋರೆಯ ಲೆಕ್ಕದ ಪುಸ್ತಕ ಮುಚ್ಚಿ ಆರು ವರ್ಷ ಆಗಿತ್ತು. ಮೀನಿಗೆ ಅಪಾಯ ಇದೆ ಅಂತ ನಮಗೆ ಹೇಳಿದ ಒಂದೇ ಒಂದು ದಾಖಲೆಯನ್ನ, ಮೀನನ್ನ ಉಳಿಸೋ ಹೆಸರಲ್ಲಿ ನಾವೇ ನಿಲ್ಲಿಸಿದ್ದೆವು. ಗಾಳ ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಗಾಳ ನಿಲ್ಲಿಸಿದ ಮರುದಿನ ಅದೇ ಗೈಡ್‌ಗಳಿಗೆ ಅದೇ ಕೂಲಿ ಕೊಟ್ಟು, ಹೊಳೆಯ ಲೆಕ್ಕ ಮುಂದುವರಿಸಿ ಅಂತ ಹೇಳಬಹುದಿತ್ತು. ಅದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ಅದು ಯಾರ ಕೆಲಸವೂ ಆಗಿರಲಿಲ್ಲ, ಅಷ್ಟೇ.

ಸಾಮನ್ ದೇಶಗಳ ಕಡೆ ನೋಡಿದರೆ ಇದು ಇನ್ನೂ ಸ್ಪಷ್ಟ. ಅಲ್ಲೂ ಮೀನು ಕುಸೀತಿದೆ. 2023ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಅಟ್ಲಾಂಟಿಕ್ ಸಾಮನ್ ಕೆಂಪುಪಟ್ಟಿಯಲ್ಲಿ 'ಅಪಾಯದಲ್ಲಿರುವ' ವರ್ಗಕ್ಕೆ ಬಂತು. ಸ್ಕಾಟ್‌ಲೆಂಡ್ 2016ರಿಂದ ಪ್ರತಿ ವರ್ಷ ಒಂದೊಂದು ನದಿಗೂ ದರ್ಜೆ ಕೊಡುತ್ತೆ. ದರ್ಜೆ ಬಿದ್ದ ನದಿಯಲ್ಲಿ ಹಿಡಿದ ಸಾಮನ್ ಬಿಡಲೇಬೇಕು. ನಾರ್ವೆ 2024ರ ಜೂನ್‌ನಲ್ಲಿ, ಹಂಗಾಮು ನಡೀತಿರುವಾಗಲೇ, 33 ನದಿಗಳಲ್ಲಿ ಸಾಮನ್ ಗಾಳ ನಿಲ್ಲಿಸಿತು. ಸಮುದ್ರದಿಂದ ವಾಪಸ್ ಬರೋ ಮೀನು ಈ ಸಲ ತೀರಾ ಕಡಿಮೆ ಅಂತ ಹಂಗಾಮಿನ ಆರಂಭದಲ್ಲೇ ಗೊತ್ತಾಗಿದ್ದರಿಂದ ಅದು ಸಾಧ್ಯವಾಯಿತು. ಹಿಡಿದವನು ಲೆಕ್ಕ ಕೊಡಬೇಕು, ಲೆಕ್ಕ ನೋಡಿ ನಿಯಮ ಬದಲಾಗುತ್ತೆ. ಮರಿಕೇಂದ್ರದ ಮೀನನ್ನ ನದಿಗೆ ಸುರಿಯೋದರಿಂದ ಕಾಡು ಸಾಮನ್‌ಗೆ ಹಾನಿ ಆಗುತ್ತೆ ಅನ್ನೋ ಚರ್ಚೆಯೂ ಅಲ್ಲಿ ದಶಕಗಳಿಂದ ನಡೀತಿದೆ. ಕಾವೇರಿಯಲ್ಲಿ ನಮಗೆ ಆ ಪಾಠ ಸಿಕ್ಕಿತು, ಆದರೆ ಪರೀಕ್ಷೆ ಮುಗಿದ ಮೇಲೆ.

ಇನ್ನೂ ಒಂದು ಪರೀಕ್ಷೆ ಬಾಕಿ ಇದೆ. ಮೇಕೆದಾಟಿನಲ್ಲಿ 67 ಟಿಎಂಸಿ ಅಡಿ ಜಲಾಶಯದ ಪ್ರಸ್ತಾವ ಇದೆ. ಬೆಂಗಳೂರಿಗೆ ನೀರು ಬೇಕು, ನಾನೂ ಅದೇ ನೀರು ಕುಡಿಯೋನು. ಆದರೆ ಆ ಅಣೆಕಟ್ಟು ಕಟ್ಟಿದರೆ ರಭಸದ ನೀರನ್ನೇ ನಂಬಿದ ಮೀನಿನ ಮನೆ ನಿಂತ ನೀರಾಗುತ್ತೆ. ಗಾಳದ ಮೇಲಿನ ನಿಷೇಧ ಆ ಗೋಡೆಯನ್ನ ತಡೆಯೋದಿಲ್ಲ. ಬೇಟೆಯ ವ್ಯಾಖ್ಯಾನದಲ್ಲಿ ಅಣೆಕಟ್ಟು ಬರಲ್ಲ.

ನೀರಿನ ವಿಷಯದಲ್ಲಿ ನರಗುಂದದವರಿಗೆ ಯಾರೂ ಪಾಠ ಹೇಳಬೇಕಿಲ್ಲ. 1980ರ ಜುಲೈನಲ್ಲಿ ಮಲಪ್ರಭಾ ಕಾಲುವೆಯ ಕರದ ವಿರುದ್ಧ ರೈತರು ಎದ್ದು ನಿಂತು ಗುಂಡೇಟು ತಿಂದ ಊರು ಅದು. 2015ರಿಂದ ಮಹದಾಯಿಗಾಗಿ ವರ್ಷಗಟ್ಟಲೆ ಧರಣಿ ಕೂತ ಊರು. ಕ್ಯೂಸೆಕ್, ಟಿಎಂಸಿ, ಟ್ರಿಬ್ಯುನಲ್ ಅನ್ನೋ ಪದಗಳು ನಮ್ಮ ಕಡೆಯ ಅಜ್ಜಂದಿರ ಬಾಯಲ್ಲೂ ಸಲೀಸು. ನವಿಲುತೀರ್ಥದ ನೀರಿನ ಮಟ್ಟ ಇವತ್ತು ಎಷ್ಟು ಅಂತ ನಾವು ಹೇಳ್ತೀವಿ. ಆ ನೀರಲ್ಲಿ ಯಾವ ಯಾವ ಮೀನಿತ್ತು, ಈಗ ಯಾವುದಿದೆ, ಯಾವುದನ್ನ ಹೊರಗಿನಿಂದ ತಂದು ಬಿಟ್ಟರು ಅಂತ ಕೇಳಿದರೆ ಸುಮ್ಮನಾಗ್ತೀವಿ. ಹೊಳೆಆಲೂರು, ಕೊಣ್ಣೂರು ಕಡೆ ಬಲೆ ಹಾಕೋ ಮನೆತನದವರಿಗೆ ಆ ಹೆಸರುಗಳು ಗೊತ್ತಿರ್ತವೆ. ಅವರನ್ನ ಕೇಳಿ ಬರೆದುಕೊಳ್ಳೋಕೆ ದೊಡ್ಡ ಯೋಜನೆ ಬೇಕಿಲ್ಲ. ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್, ಒಂದು ಫೋನ್ ಸಾಕು. ಫೋಟೋ, ಊರಿನ ಹೆಸರು, ಮೀನಿಗೆ ಅವರು ಕರೆಯೋ ಹೆಸರು, ಎಷ್ಟು ವರ್ಷದಿಂದ ಸಿಕ್ಕಿಲ್ಲ ಅನ್ನೋ ಮಾತು. ಕಾನೂನು ಮಾಡೋರು ಇವತ್ತಲ್ಲ ನಾಳೆ ಮಲಪ್ರಭೆಗೂ ಬರ್ತಾರೆ. ಆಗ ಅವರ ಕೈಗೆ ಕೊಡೋಕೆ ನಮ್ಮ ಹತ್ತಿರ ಒಂದು ಪಟ್ಟಿ ಇರಲಿ.